ಐವತ್ತಕ್ಕೆ ಒಂದು

ಎಮೆರಿಟಾ ಇವತ್ತೂ ಲಿಬೋರಿಯೊಗೆ ಎಲೆ ಪೊಟ್ಟಣ ಕೊಟ್ಟಳು. ಶೆಡ್ಡಿನ ಹಲಗೆಗಳ ಸಂದಿಯಿಂದ ವೆನಾನ್ಸಿಯೊ ನೋಡುತ್ತ ನಿಂತಿದ್ದ. ಕೈಯಲ್ಲಿ ಹಾಲಿನ ಡಬ್ಬಿ, ಡಬ್ಬಿಯ ತುಂಬ ಎಣ್ಣೆ, ಕಾಲ ಬಳಿ ಲಿಬೋರಿಯೊನ ಪೆಟ್ರೋಲು ಕ್ಯಾನು ಬಾಯಿ ತೆರೆದುಕೊಂಡು ಕೂತಿತ್ತು. ಅಡುಗೆಮನೆಯ ಮೆಟ್ಟಿಲ ಕೆಳಗೆ, ಬೆಳಗಿನ ಉಬ್ಬರದ ನೀರು ಮನೆಯ ಕಂಬಗಳನ್ನು ಮುಟ್ಟುತ್ತಿದ್ದ ಕಡೆ, ವೆನಾನ್ಸಿಯೊನ ಹೆಂಡತಿ ಆಚೆ ಈಚೆ ನೋಡಿ, ಬಾಳೆಲೆಯಲ್ಲಿ ಸುತ್ತಿ ನಾರಿನಿಂದ ಬಿಗಿದ ಪೊಟ್ಟಣವನ್ನು ಲಿಬೋರಿಯೊನ ಕೈಗಿಟ್ಟಳು. ಲಿಬೋರಿಯೊ ಅದನ್ನು ಅಂಗಿಯೊಳಗೆ ಸೇರಿಸಿಕೊಂಡ. ಅಂಗಿಯೊಳಗೆ! ಊಟದ ಪೊಟ್ಟಣವನ್ನು ಯಾರಾದರೂ ಮೈಗೆ ತಾಗುವ ಹಾಗೆ ಅಂಗಿಯೊಳಗೆ ಇಟ್ಟುಕೊಳ್ಳುತ್ತಾರೆಯೇ? ಇಬ್ಬರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಾಗಿತ್ತು. ಊರೆಲ್ಲ ನಗಿಸುವ ಲಿಬೋರಿಯೊ, ಅವನ ಮಾತಿಗೆ ಕೈಯಿಂದ ಬಾಯಿ ಮುಚ್ಚಿಕೊಂಡು ನಗುವ ಎಮೆರಿಟಾ, ಈ ಪೊಟ್ಟಣ ಕೈ ಬದಲಾಗುವ ಗಳಿಗೆಯಲ್ಲಿ ಮಾತ್ರ ಪಾದ್ರಿಯ ಮುಂದೆ ನಿಂತವರ ಹಾಗೆ ಗಂಭೀರವಾಗಿರುತ್ತಿದ್ದರು. ವರ್ಷದಿಂದ ಇದೇ ನಡೆದಿತ್ತು. ಲಿಬೋರಿಯೊ ಬಂದರಿನ ಪಟ್ಟಣಕ್ಕೆ ಮೀನು ಒಯ್ಯುವ ದಿನವೆಲ್ಲ ಒಂದು ಪೊಟ್ಟಣ. ಒಮ್ಮೆ, ಒಂದೇ ಒಂದು ಸಲ, ವೆನಾನ್ಸಿಯೊ ಕೇಳಿದ್ದ, ಅದೇನು ಅಂತ. "ಕೊಂಪಾದ್ರೆಗೆ ಬುತ್ತಿ," ಅಂದಿದ್ದಳು ಅವಳು, ಮುಖ ಎತ್ತದೆ. "ಹೆಂಡ್ತಿ ಸತ್ತ ಗಂಡಸು, ಬೇಯಿಸಿ ಹಾಕೋರು ಯಾರಿದಾರೆ?"

ಹೊಟ್ಟೆಕಿಚ್ಚು ಅಂತ ಯಾರಾದರೂ ಹೇಳಿದ್ದರೆ ವೆನಾನ್ಸಿಯೊ ಇಲ್ಲ ಅನ್ನುತ್ತಿರಲಿಲ್ಲ. ಯಾರೂ ಹೇಳಲಿಲ್ಲ, ಅದೇ ಕಷ್ಟವಾಗಿತ್ತು. ಅವನೇ ಹೇಳಿಕೊಳ್ಳಬೇಕಾಗಿತ್ತು, ಪೆಟ್ರೋಲು ಅಳೆಯುವಾಗ, ಚಾಪೆಯ ಮೇಲೆ ಹೊರಳುವಾಗ, ಬಾಳೆಕಾಯಿ ಸುಟ್ಟದ್ದನ್ನು ಬಾಯಿಗಿಟ್ಟುಕೊಳ್ಳುವಾಗ. ಆ ಎಲೆಯೊಳಗೆ ಏನಿರಬಹುದು ಎಂದು ಅವನು ನೂರು ಅಡುಗೆ ಮಾಡಿ ನೋಡಿದ್ದ. ಉಪ್ಪುನೀರಿನ ಕಾಂಡ್ಲ ಕಾಡಿನ ಕೆಸರಿನಲ್ಲಿ ಕೈ ಹಾಕಿ ಹೆಕ್ಕಿದ ಚಿಪ್ಪಿನ ಮಾಂಸ, ತೆಂಗಿನಹಾಲು, ಮೇಲೆ ಅವಳ ಹಿತ್ತಿಲ ಸೊಪ್ಪು. ತನಗೆ ಅವಳು ತಟ್ಟೆಯಲ್ಲಿ ಬಡಿಸುತ್ತಾಳೆ, ಬಿಸಿಬಿಸಿ, ಬೇಕಾದಷ್ಟು. ಎಲೆಯಲ್ಲಿ ಕಟ್ಟಿಕೊಟ್ಟದ್ದು ನೆನಪಿಲ್ಲ. ಶೆಡ್ಡಿಗೂ ಅಡುಗೆಮನೆಗೂ ನಡುವೆ ಆರು ಹಲಗೆ ದಾರಿ, ಅವನಿಗೆ ಯಾರು ಬುತ್ತಿ ಕಟ್ಟುತ್ತಾರೆ? ಆದರೂ ನಾರನ್ನು ಹಲ್ಲಿನಿಂದ ಬಿಗಿಯುತ್ತ ಅವಳು ಗಂಟು ಹಾಕುವುದನ್ನು ನೆನೆದರೆ ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿಬಿಡುತ್ತಿದ್ದ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಅನ್ನಲಿ. ಹಳದಿ ಇರುವುದೂ ಲೋಕದಲ್ಲಿ ಇದೆಯಲ್ಲ!

ಈ ಅಳಿವೆಯ ಊರಿನಲ್ಲಿ ದೋಣಿ ಇದ್ದವರೆಲ್ಲ ಪೆಟ್ರೋಲಿಗೆ ಅವನ ಶೆಡ್ಡಿಗೇ ಬರಬೇಕು, ಬೆರಕೆಗೂ ಅವನ ಕೈಯನ್ನೇ ಕಾಯಬೇಕು. ದೋಣಿಯ ಹಿಂದೆ ತೂಗುವ ಈ ಸಣ್ಣ ಟೂ ಸ್ಟ್ರೋಕ್ ಮೋಟಾರುಗಳಲ್ಲಿ ಎಣ್ಣೆಗೆ ಅಂತ ಬೇರೆ ಹೊಟ್ಟೆಯಿಲ್ಲ. ಪೆಟ್ರೋಲಿನಲ್ಲೇ ಕಲಸಿ ಕುಡಿಸಬೇಕು. ಹೆಚ್ಚು ಕುಡಿಸಿದರೆ ಹೊಗೆ, ಪ್ಲಗ್ಗು ಕಪ್ಪುಗಟ್ಟಿ ಕೆಮ್ಮು. ಕಡಿಮೆ ಕುಡಿಸಿದರೆ ಹೊಗೆಯಿಲ್ಲ, ಸದ್ದು ಚೆಂದ, ಓಟ ಚೆಂದ, ಆಮೇಲೆ ಯಾವುದೋ ಒಂದು ಗಳಿಗೆಯಲ್ಲಿ ಪಿಸ್ಟನ್ನು ಕಾದು ಗೋಡೆಗೆ ಕಚ್ಚಿಕೊಂಡು ಮೋಟಾರು ಕಲ್ಲಾಗುತ್ತದೆ. ಸೀಜ್ ಆಯಿತು ಅಂದರೆ ಮುಗಿಯಿತು, ನಡುನೀರಿನಲ್ಲಿ ದೇವರೇ ಗತಿ. ಮೋಟಾರಿನ ಜೊತೆ ಬರುವ ಪುಸ್ತಕದಲ್ಲಿ ನೂರು ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ, ನೂರಕ್ಕೆ ಒಂದು ಅಂತಲೂ ಬರೆದಿರುತ್ತದೆ. ಬರೆದವನು ತಂಪು ಕೆರೆಯಲ್ಲಿ ಭಾನುವಾರ ವಿಹಾರ ಹೋಗುವವನು, ಅವನಿಗೇನು ಗೊತ್ತು ಈ ನೀರು. ಹೊಸ ಮೋಟಾರು ಬಂದರೆ ಮೊದಲ ಕ್ಯಾನುಗಳಿಗೆ ಇಪ್ಪತ್ತೈದಕ್ಕೆ ಒಂದು, ಮಗುವಿಗೆ ಎಣ್ಣೆ ತಿಕ್ಕಿದ ಹಾಗೆ ಧಾರಾಳ. ಪಳಗಿದ ಮೇಲೆ ಐವತ್ತಕ್ಕೆ ಒಂದು: ಒಂದು ಕ್ಯಾನಿಗೆ ಒಂದು ಹಾಲಿನ ಡಬ್ಬಿ. ಸವೆದ ಮುದಿ ಮೋಟಾರಿಗೆ ನಲವತ್ತು. ದಿನವಿಡೀ ನಿಧಾನಕ್ಕೆ ಬಲೆ ಎಳೆಯುವವನಿಗೆ ಒಂದು ಲೆಕ್ಕ, ಐಸು ತುಂಬಿ ಅಲೆ ಒಡೆದುಕೊಂಡು ಓಡುವವನಿಗೆ ಇನ್ನೊಂದು. ಪ್ಲಗ್ಗು ಬಿಚ್ಚಿ ಅದರ ಬಣ್ಣ ನೋಡಿ, ಹೊಗೆಯ ಬಣ್ಣ ನೋಡಿ, ಸದ್ದಿಗೆ ಕಿವಿಯಿಟ್ಟು ವೆನಾನ್ಸಿಯೊ ಯಾರಿಗೆ ಎಷ್ಟು ಎಂದು ಆರಿಸುತ್ತಿದ್ದ. ಬೆರೆಸಿ, ಕ್ಯಾನನ್ನು ಮಡಿಲಲ್ಲಿಟ್ಟು ತೂಗಿ, ಹಿಡಿಕೆಗೆ ಒಂದು ಕೆಂಪು ಬಟ್ಟೆ ಚೂರು ಕಟ್ಟುತ್ತಿದ್ದ. ಬಟ್ಟೆ ಕಟ್ಟಿದೆ ಅಂದರೆ ಎಣ್ಣೆ ಬಿದ್ದಿದೆ. ಬೆರಳು ಅದ್ದಿ ಉಜ್ಜಿದರೆ ಎಣ್ಣೆ ಇದೆಯೋ ಇಲ್ಲವೋ ಯಾರಿಗೂ ತಿಳಿಯುತ್ತದೆ, ಜಿಡ್ಡು ಬೆರಳಿಗೆ ಗೊತ್ತು. ಆದರೆ ಕೆಂಪು ಬಟ್ಟೆ ಕಟ್ಟಿದ ಕ್ಯಾನಿಗೆ ಬೆರಳು ಅದ್ದುವವನಿಲ್ಲ. ಅದು ಕಟ್ಟಿದವನ ಮುಖಕ್ಕೆ ಉಗಿದ ಹಾಗೆ. ಅದರಲ್ಲೂ ಕೊಂಪಾದ್ರೆ ಕಟ್ಟಿದ್ದಕ್ಕೆ! ಲಿಬೋರಿಯೊ ಅವನ ಮಗಳಿಗೆ ಜ್ಞಾನಸ್ನಾನದ ತಂದೆ, ಅವಳ ತಲೆಯ ಮೇಲೆ ನೀರು ಬೀಳುವಾಗ ಎತ್ತಿ ಹಿಡಿದ ಕೈ ಅವನದು. ಆವತ್ತಿನಿಂದ ಗಂಡಸರಿಬ್ಬರೂ ಒಬ್ಬರಿಗೊಬ್ಬರು ಕೊಂಪಾದ್ರೆ, ಎಮೆರಿಟಾ ಲಿಬೋರಿಯೊಗೆ ಕೊಮಾದ್ರೆ. ಒಡಹುಟ್ಟಿದವರು ಜಗಳವಾಡಬಹುದು, ಕೊಂಪಾದ್ರೆಗಳು ಆಡಬಾರದು.

ಅವನು ಡಬ್ಬಿಯನ್ನು ಕ್ಯಾನಿನ ಬಾಯಿಗೆ ತಂದ. ಹೊರಗೆ ಲಿಬೋರಿಯೊ ಅಂಗಿಯ ಮೇಲಿಂದ ಪೊಟ್ಟಣವನ್ನು ಒಮ್ಮೆ ಒತ್ತಿ ನೋಡಿಕೊಂಡ, ಇದೆಯೋ ಇಲ್ಲವೋ ಅಂತ. ಆ ಒಂದು ಒತ್ತು. ವೆನಾನ್ಸಿಯೊ ಡಬ್ಬಿಯ ಎಣ್ಣೆಯನ್ನು ಡ್ರಮ್ಮಿಗೇ ವಾಪಸು ಸುರಿದ. ಸುರಿದದ್ದು ತಾನೇ ಎಂದು ಅವನಿಗೆ ತಿಳಿಯಿತು, ಆದರೂ ಇನ್ನು ಯಾರೋ ಸುರಿದದ್ದನ್ನು ನೋಡುತ್ತಿರುವ ಹಾಗೆ ನೋಡಿದ. ಆಮೇಲೆ ಕ್ಯಾನಿನ ಮುಚ್ಚಳ ತಿರುವಿ, ಮಡಿಲಲ್ಲಿಟ್ಟುಕೊಂಡು, ಎಂದಿನಷ್ಟೇ ಹೊತ್ತು ತೂಗಿದ. ಏನೂ ಇಲ್ಲದ್ದನ್ನು ತೂಗಿದ. ಹಿಡಿಕೆಗೆ ಕೆಂಪು ಬಟ್ಟೆ ಕಟ್ಟಿ ಗಂಟನ್ನು ಎಳೆದು ಬಿಗಿ ಮಾಡಿದ.

ಏನಾಗುತ್ತದೆ? ಏನೂ ಆಗುವುದಿಲ್ಲ. ಊರಿನ ಮುಂದಿನ ಶಾಂತ ನೀರಿನಲ್ಲೇ ಮೋಟಾರು ಕಚ್ಚಿಕೊಳ್ಳುತ್ತದೆ. ಊರಿನ ಹೆಂಗಸರೆಲ್ಲ ಬಟ್ಟೆ ಒಗೆಯುತ್ತ ನೋಡುತ್ತಿರುವಾಗ ದೊಡ್ಡ ಮಾತಿನ ಲಿಬೋರಿಯೊ ಹುಟ್ಟು ಹಾಕುತ್ತ ವಾಪಸು ಬರುತ್ತಾನೆ, ಬೆವರು ಸುರಿಸಿಕೊಂಡು, ಐಸು ಕರಗಿಸಿಕೊಂಡು. ಎಮೆರಿಟಾ ಕೂಡ ನೋಡುತ್ತಾಳೆ. ಅಷ್ಟೇ ಬೇಕಾಗಿತ್ತು ಅವನಿಗೆ, ಅಷ್ಟು ನೋಡಿದರೆ ಸಾಕಿತ್ತು. ಅಲ್ಲದೆ ಆ ಮೋಟಾರು ಅವನನ್ನು ಒಂದು ವರ್ಷದಿಂದ ಅಣಕಿಸುತ್ತ ಬಂದಿತ್ತು. ಊರಿನ ಅಷ್ಟೂ ಮೋಟಾರುಗಳು ಅವನ ಅಳತೆಗೆ ಸರಿಯಾಗಿ ಓಡುವಾಗ ಲಿಬೋರಿಯೊನದ್ದು ಮಾತ್ರ ಒದ್ದೆ ಕಟ್ಟಿಗೆ ಒಲೆಯ ಹಾಗೆ ನೀಲಿ ಹೊಗೆ ಕಾರುತ್ತಿತ್ತು. ಐವತ್ತು ಹಾಕಿ ನೋಡಿದ, ಹೊಗೆ. ಅರವತ್ತಕ್ಕೆ ಇಳಿಸಿದ, ಹೊಗೆ. ಎಪ್ಪತ್ತು, ಇನ್ನು ಇಳಿಸಿದರೆ ಅಪಾಯ ಎನ್ನುವವರೆಗೆ ಹೋದ, ಆಗಲೂ ಹೊಗೆ. "ಬಿಚ್ಚಿ ನೋಡ್ತೀನಿ ಕೊಂಪಾದ್ರೆ, ರಿಂಗು ಹೋಗಿರ್ಬೇಕು," ಅಂದರೆ ಲಿಬೋರಿಯೊ ಕೈ ಬೀಸಿಬಿಡುತ್ತಿದ್ದ: "ಬಿಡು ಮಾರಾಯ. ಮುದುಕಿ ಅದು, ಸುರುಟು ಸೇದಲಿ. ನಿಂಗ್ಯಾಕೆ ಚಿಂತೆ?" ಜನ ಶೆಡ್ಡಿನ ಮುಂದೆ ಮೂಗು ಮುಚ್ಚಿಕೊಂಡು ನಗುತ್ತಿದ್ದರು. ವೆನಾನ್ಸಿಯೊಗೆ ಲಿಬೋರಿಯೊನ ಅಳತೆ ಮಾತ್ರ ಹತ್ತಲಿಲ್ಲ ಎಂದು ಮಾತಾಯಿತು. ಇದ್ದ ಒಂದು ವಿದ್ಯೆಯೂ ಆ ಮನುಷ್ಯನ ಮುಂದೆ ಕೈಕೊಟ್ಟಿತ್ತು.

ಲಿಬೋರಿಯೊ ದೋಣಿಯಲ್ಲಿ ನಿಂತು ಕ್ಯಾನನ್ನು ಟ್ಯಾಂಕಿಗೆ ಸುರಿಯುತ್ತಿದ್ದ. ಬಟ್ಟೆಯ ಕಡೆ ನೋಡಿದ, ನಕ್ಕ. "ಇವತ್ತು ಮುದುಕಿಗೆ ಎಷ್ಟು ಕುಡಿಸಿದ್ದೀಯೋ ಕೊಂಪಾದ್ರೆ?"

"ಎಂದಿನಷ್ಟೇ," ಎಂದ ವೆನಾನ್ಸಿಯೊ.

ಆಗ ದೋಣಿ ಕಟ್ಟುವ ಗಟ್ಟೆಯ ಮೇಲೆ ದೋನ್ಯಾ ತೋಮಾಸಾ ಕಾಣಿಸಿಕೊಂಡಳು. ಊರಿಗೆಲ್ಲ ಅಜ್ಜಿ ಅವಳು, ಅರ್ಧ ಊರನ್ನು ಅವಳೇ ಹೆರಿಗೆ ಮಾಡಿಸಿ ಹೊರಗೆಳೆದವಳು, ನದಿಯ ಮೇಲ್ಗಡೆಯ ಕೇರಿಯಲ್ಲಿ ಒಂಟಿ ಮನೆ. ಬಿಳಿ ಬಟ್ಟೆ ತೊಟ್ಟಿದ್ದಳು, ತಲೆಗೆ ಬಿಳಿ ವಸ್ತ್ರ, ಕಂಕುಳಲ್ಲಿ ಚಪ್ಪಲಿ. "ನಿಲ್ಲೋ ಲಿಬೋರಿಯೊ, ನಾನೂ ಬರ್ತೀನಿ. ಇವತ್ತು ನನ್ನ ಹಲ್ಲು ಕೊಡ್ತಾರೆ ಕಣೋ!" ಎಂದು ಬೊಚ್ಚು ಬಾಯಿ ತೆರೆದು ತೋರಿಸಿದಳು. "ಆದ್ರೆ ಆಣೆ ಮಾಡಿ ಹೇಳ್ತೀನಿ, ಆ ದರಿದ್ರ ಹೊಗೆ ನನ್ನ ಬಟ್ಟೆಗೆ ಹಿಡೀತೋ, ವಾಪಸ್ ಬಂದು ಹೊಸ ಹಲ್ಲಲ್ಲಿ ಮೊದ್ಲು ಕಚ್ಚೋದು ಇವನನ್ನೇ," ಎಂದು ವೆನಾನ್ಸಿಯೊನ ಕಡೆ ಬೆರಳು ಮಾಡಿದಳು. ಗಟ್ಟೆಯ ಮೇಲಿದ್ದವರು ನಕ್ಕರು. ವೆನಾನ್ಸಿಯೊ ಬಾಯಿ ತೆರೆದ. ಅವನನ್ನು ತಾಯಿಯ ಹೊಟ್ಟೆಯಿಂದ ಎತ್ತಿಕೊಂಡ ಕೈ ದೋಣಿಯ ಅಂಚನ್ನು ಹಿಡಿದಿತ್ತು. ಹೇಳಬೇಕಾದದ್ದು ಎರಡೇ ಮಾತು: ಕ್ಯಾನು ತಪ್ಪಾಯಿತು, ಟ್ಯಾಂಕು ಇಳಿಸಿಕೊಡಿ. ಮರೆತೆ ಅಂದರೂ ಆಗುತ್ತಿತ್ತು. ಮರೆತು ಬಟ್ಟೆ ಕಟ್ಟಿದೆಯಾ ಎಂದು ಎಲ್ಲರೂ ತಿರುಗಿ ನೋಡುತ್ತಿದ್ದರು. ಎಮೆರಿಟಾ ಮೆಟ್ಟಿಲ ಮೇಲೆ ನಿಂತಿದ್ದಳು. "ಅಳಿವೆ ಹತ್ರ ಗಟ್ಟಿಯಾಗಿ ಹಿಡ್ಕೊಳ್ಳಿ ದೋನ್ಯಾ," ಎಂದ ಅವನು. ಅಷ್ಟೇ ಬಂದದ್ದು ಬಾಯಿಂದ.

ಮೋಟಾರು ಹತ್ತಿತು, ದೋಣಿ ಹಿಂದೆ ಒಂದು ಮೋಡ ನೀಲಿ ಹೊಗೆ ಬಿಟ್ಟು ಹೊರಟಿತು. ಹೊಗೆ! ಎಣ್ಣೆಯಿಲ್ಲದ ಕ್ಯಾನಿಗೆ ಹೊಗೆ ಎಲ್ಲಿಂದ? ಅವನು ಶೆಡ್ಡಿನೊಳಗೆ ಬಂದು ಕೂತ. ಟ್ಯಾಂಕಿನ ತಳದಲ್ಲಿ ಹಳೆಯ ಬೆರಕೆ ಉಳಿದಿರುತ್ತದೆ. ಲಿಬೋರಿಯೊ ಎಂದೂ ಟ್ಯಾಂಕು ಖಾಲಿ ಮಾಡುವವನಲ್ಲ, ಉಳಿದದ್ದರ ಮೇಲೇ ಸುರಿಯುತ್ತಾನೆ. ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಊರಿನಲ್ಲಿ ಈ ಲೆಕ್ಕ ಗೊತ್ತಿದ್ದವನು ಅವನೊಬ್ಬನೇ. ಹಳೆಯದರ ಜಿಡ್ಡಿನಲ್ಲಿ ಮೋಟಾರು ಶಾಂತ ನೀರನ್ನು ನಿಧಾನಕ್ಕೆ ದಾಟಿಬಿಡುತ್ತದೆ. ಆಮೇಲೆ ಅಳಿವೆ. ಮರಳದಿಬ್ಬದ ಮೇಲೆ ಅಲೆ ಒಡೆಯುವ ಕಡೆ ಮೋಟಾರಿನ ಹಿಡಿಯನ್ನು ಪೂರ್ತಿ ತಿರುವಲೇಬೇಕು, ಎರಡು ಅಲೆಗಳ ನಡುವೆ ನುಗ್ಗಲೇಬೇಕು, ಮೋಟಾರು ಕುದಿಯುವುದು ಅಲ್ಲೇ. ಕಚ್ಚಿಕೊಳ್ಳುವುದೂ ಅಲ್ಲೇ. ದೋಣಿ ಅಡ್ಡ ತಿರುಗುತ್ತದೆ, ಮುಂದಿನ ಅಲೆ ಮಗುಚುತ್ತದೆ. ಹೆಂಗಸರ ಮುಂದೆ ಹುಟ್ಟು ಹಾಕಿಸುವ ತಮಾಷೆ ಎಂದು ತನಗೆ ತಾನೇ ಹೇಳಿಕೊಂಡಿದ್ದನಲ್ಲ, ಆ ತಮಾಷೆಯ ಅಡಿಯಲ್ಲಿ ಇದು ಮೊದಲಿನಿಂದಲೂ ಇತ್ತೋ? ಅದೇ ದಿಬ್ಬದ ಮೇಲೆ ಅವನ ದೋಣಿ ಮಗುಚಿ ಸೊಂಟ ಮುರಿದಾಗ ಜುಟ್ಟು ಹಿಡಿದು ಎಳೆದು ತಂದವನು ಲಿಬೋರಿಯೊ. ಆವತ್ತಿನಿಂದ ಅವನು ಕುಂಟುತ್ತ ಶೆಡ್ಡು ಸೇರಿದ, ನದಿಯೊಳಗಿನ ಸಣ್ಣಪುಟ್ಟ ಓಡಾಟ ಬಿಟ್ಟರೆ ದೋಣಿ ಮುಟ್ಟಲಿಲ್ಲ. ಆವತ್ತಿನಿಂದ ಎಮೆರಿಟಾ ಲಿಬೋರಿಯೊನ ಮುಖವನ್ನು ನೆಟ್ಟಗೆ ನೋಡಿ ಮಾತಾಡತೊಡಗಿದ್ದಳು. ಬದುಕಿಸಿದವನನ್ನು ಕ್ಷಮಿಸುವುದು ಸುಲಭವಲ್ಲ.

ಕಾಂಡ್ಲದ ತಿರುವಿನ ಹಿಂದೆ ದೋಣಿ ಮರೆಯಾಯಿತು, ಮತ್ತು ಮೋಟಾರಿನ ಸದ್ದು ನಿಂತಿತು. ಪ್ರತಿ ಸಲವೂ ನಿಲ್ಲುತ್ತಿತ್ತು ಅಲ್ಲಿ. ವರ್ಷದಿಂದ, ಪೊಟ್ಟಣ ಶುರುವಾದಾಗಿನಿಂದ. ಆ ಮೌನವನ್ನು ಅವನು ಶೆಡ್ಡಿನಲ್ಲಿ ಕೂತು ಹಲ್ಲು ಕಚ್ಚಿಕೊಂಡು ಕೇಳುತ್ತಿದ್ದ: ಈಗ ಎಲೆ ಬಿಚ್ಚುತ್ತಿದ್ದಾನೆ, ಈಗ ಬೆರಳು ನೆಕ್ಕುತ್ತಿದ್ದಾನೆ, ಆರುವವರೆಗೂ ತಡೆಯಲಾರದ ಹೊಟ್ಟೆಬಾಕ. ಇವತ್ತು ಮಾತ್ರ ಅವನು ಎದ್ದು ನಿಂತ. ಕಚ್ಚಿಕೊಂಡಿರಲಿ, ದೋಣಿಗಳ ಕಾಯುವ ಕಾರ್ಮೆನ್ ತಾಯಿ, ಅಲ್ಲೇ ಕಚ್ಚಿಕೊಂಡಿರಲಿ, ಆಳವಿಲ್ಲದ ನೀರು, ಕಾಂಡ್ಲದ ಬೇರು ಹಿಡಿದುಕೊಂಡಾದರೂ ಅಜ್ಜಿ ಇಳಿಯಬಹುದು. ಹುಟ್ಟಿನ ಸದ್ದಿಗೆ ಕಿವಿಯಿಟ್ಟ. ಸ್ವಲ್ಪ ಹೊತ್ತಿಗೆ ಮೋಟಾರು ಮತ್ತೆ ಹತ್ತಿಕೊಂಡು ಅಳಿವೆಯ ಕಡೆ ದೂರವಾಯಿತು.

ಗುಡ್ಡದ ಮೇಲೆ ಪ್ರಾರ್ಥನಾ ಮಂದಿರದ ಹಿಂದೆ ನಿಂತರೆ ಮರಳದಿಬ್ಬ ಕಾಣುತ್ತದೆ. ಕುಂಟುತ್ತ, ಏದುಸಿರು ಬಿಡುತ್ತ ಅವನು ಹತ್ತುವಾಗ ಎಮೆರಿಟಾ ಹಿಂದಿನಿಂದ ಕೂಗಿದಳು, "ಎಲ್ಲಿಗೆ?" "ಮೋಂಬತ್ತಿ ಹಚ್ಚಬೇಕು," ಎಂದ. ಅವಳು ಅವನನ್ನೇ ನೋಡುತ್ತ ನಿಂತದ್ದು ಬೆನ್ನಿಗೆ ತಿಳಿಯಿತು. ಮೇಲೆ ತಲುಪುವ ಹೊತ್ತಿಗೆ ದಿಬ್ಬದ ಬಿಳಿ ಗೆರೆಯಾಚೆ ಸಮುದ್ರ ಸುಮ್ಮನೆ ಬಿದ್ದುಕೊಂಡಿತ್ತು. ದೋಣಿ ಇರಲಿಲ್ಲ. ದಾಟಿ ಹೋಗಿತ್ತೋ ಮುಳುಗಿತ್ತೋ ಆ ನೀರನ್ನು ನೋಡಿ ಹೇಳುವಂತಿರಲಿಲ್ಲ. ಕೆಳಗೆ ಆರೋಗ್ಯ ಕೇಂದ್ರದಲ್ಲಿ ರೇಡಿಯೊ ಇತ್ತು, ಬಂದರಿಗೆ ಮಾತಾಡಬಹುದಾಗಿತ್ತು. ಬಾಗಿಲವರೆಗೂ ಹೋದ. "ಏನಾಗಬೇಕು ವೆನಾನ್ಸಿಯೊ, ಸೊಂಟ ನೋವಾ?" ಎಂದಳು ನರ್ಸು. ಏನೆಂದು ಹೇಳಬೇಕು? ಲಿಬೋರಿಯೊನ ದೋಣಿ ಬಂತೇ ಕೇಳಿ ಅನ್ನಲೇ? ಯಾಕೆ ಅಂದರೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಮನುಷ್ಯ, ಕಳ್ಳ ಅನ್ನುವ ಮೊದಲೇ ಹೆಗಲು ಒರೆಸಿಕೊಳ್ಳುತ್ತ ನಿಂತಿದ್ದ. "ಹೂಂ, ಸೊಂಟ," ಅಂದು ಅವಳು ಕೊಟ್ಟ ಎರಡು ಗುಳಿಗೆಯನ್ನು ಜೇಬಿಗೆ ಹಾಕಿಕೊಂಡು ಬಂದ.

ಹಗಲು ಇಳಿಯಲಿಲ್ಲ. ನೀರು ಇಳಿಯಿತು, ಕೆಸರು ಎದ್ದಿತು, ಏಡಿಗಳು ಬಂದವು. ಯಾರೋ ಕ್ಯಾನು ತಂದರು, ಬೆರೆಸಿಕೊಟ್ಟ, ಬಟ್ಟೆ ಕಟ್ಟಿದ. ಎಣ್ಣೆ ಹಾಕಿದೆನೋ ಇಲ್ಲವೋ ಎಂದು ಅನುಮಾನವಾಗಿ ಹಿಂದೆಯೇ ಓಡಿ ತಾನೇ ಬೆರಳು ಅದ್ದಿ ನೋಡಿದ. ಅವರು ಹುಬ್ಬೇರಿಸಿದರು. ಊಟಕ್ಕೆ ಕೂತಾಗ ಎಮೆರಿಟಾ ಎದುರಿಗೆ ಕೂತಳು. ಇದೇ ಜಾಗ. ಹೋದ ವರ್ಷ, ಕಾರ್ಮೆನ್ ತಾಯಿಯ ದಿನ ಕಳೆದು, ಇಬ್ಬರೂ ಹೀಗೇ ಕೂತಿದ್ದರು. ಹಬ್ಬದ ದೋಣಿಗಳ ಸಾಲಿನಲ್ಲಿ ಅವಳು ಲಿಬೋರಿಯೊನ ದೋಣಿಯಲ್ಲಿ ಕೂತು ಹಾಡಿದ್ದಳು, ಅವನು ಡೋಲು ಬಾರಿಸಿದ್ದ. ಅವಳು ಪಲ್ಲವಿ ಎತ್ತಿದಲ್ಲೆಲ್ಲ ಡೋಲು ಅವಳ ಉಸಿರು ನೋಡಿಕೊಂಡು ನಿಂತು ಹೊರಡುತ್ತಿತ್ತು. ಗಟ್ಟೆಯ ಮೇಲೆ ಊರುಗೋಲು ಹಿಡಿದು ನಿಂತವನಿಗೆ ಅದೊಂದು ಚೆನ್ನಾಗಿ ಕೇಳಿಸಿತ್ತು. ಮಾರನೆಯ ದಿನ ಊಟದ ನಡುವೆ ಅವನು ನಗುತ್ತ ಅಂದಿದ್ದ, "ಒಂದಿನ ಲಿಬೋರಿಯೊನ ಕ್ಯಾನಿಗೆ ಎಣ್ಣೆ ಹಾಕೋದೇ ಬಿಟ್ರೆ ಏನಾಗುತ್ತೆ? ಎಲ್ಲೀತನಕ ಹೋಗ್ತಾನೆ ನೋಡ್ಬೇಕು." ತಮಾಷೆ, ಅಷ್ಟೇ. ತೆಂಗಿನಕಾಯಿ ತುರಿಯುತ್ತಿದ್ದ ಎಮೆರಿಟಾಳ ಕೈ ನಿಂತಿತ್ತು. ಅವಳು ನಗಲಿಲ್ಲ. ನಗದೇ ಇದ್ದದ್ದೇ ಸಾಕ್ಷಿ ಎಂದು ಅವನು ಅವತ್ತೇ ಎದೆಯಲ್ಲಿ ಕಟ್ಟಿಟ್ಟುಕೊಂಡ; ಆ ಮನುಷ್ಯನ ಮೇಲೆ ಪ್ರೀತಿ ಇಲ್ಲದಿದ್ದರೆ ಒಂದು ತಮಾಷೆಗೆ ಕೈ ಯಾಕೆ ನಿಲ್ಲಬೇಕು? ಅದೇ ವಾರ ಎಲೆ ಪೊಟ್ಟಣ ಶುರುವಾಗಿತ್ತು. ಇನ್ನೇನು ಬೇಕು ಸಾಕ್ಷಿಗೆ?

"ಉಣ್ಣು," ಎಂದಳು ಈಗ. "ಗುಳಿಗೆ ಯಾತಕ್ಕೆ ತಂದೆ?"

"ಸೊಂಟಕ್ಕೆ."

"ಸೊಂಟ ನೋಯೋನು ಗುಡ್ಡ ಹತ್ತಿದ್ದು ಯಾಕೆ?"

ಅವನು ಗುಳಿಗೆಯನ್ನು ಮತ್ತೆ ಜೇಬಿಗೆ ಹಾಕಿಕೊಂಡ. ಅವಳು ಮೀನಿನ ಮುಳ್ಳು ಬಿಡಿಸಿ ಅವನ ತಟ್ಟೆಗೆ ಹಾಕಿದಳು. ಅವನಿಗೆ ಅಳು ಬಂತು. ದೋಣಿ ಬರಲಿ, ಬಂದರೆ ಸಾಕು, ಎಲೆ ಪೊಟ್ಟಣ ಕೊಡಲಿ, ಬೇಕಾದರೆ ದಿನಾ ಕೊಡಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಬೇಡಿಕೊಳ್ಳುವಾಗಲೂ, ದಿನಾ ಕೊಡಲಿ ಅನ್ನುವುದನ್ನು ವಾರಕ್ಕೊಮ್ಮೆ ಕೊಡಲಿ ಎಂದು ತಿದ್ದಿಕೊಂಡ.

ಸಂಜೆಯ ಉಬ್ಬರ ಏರುವಾಗ, ಬೆಳಕು ಇನ್ನೂ ಇರುವಾಗಲೇ, ಯಾರೋ "ಯಾರದಪ್ಪ ಆ ದೋಣಿ?" ಎಂದರು. ಊರಿನವರು ದೋಣಿಯನ್ನು ಹೊಗೆ ನೋಡಿ ಗುರುತಿಸುತ್ತಾರೆ, ಈ ದೋಣಿಗೆ ಹೊಗೆಯೇ ಇರಲಿಲ್ಲ. ತೆಳ್ಳಗೆ, ಒಂದೇ ಸಮ, ತೇಲಿಬಂದ ಸದ್ದು. ವೆನಾನ್ಸಿಯೊಗೆ ಆ ಸದ್ದು ತಿಳಿಯಿತು: ಐವತ್ತಕ್ಕೆ ಒಂದು, ಅತ್ತಿತ್ತ ಒಂದು ಹನಿ ಇಲ್ಲ. ವರ್ಷದಿಂದ ಅವನು ಹುಡುಕುತ್ತಿದ್ದ ಸದ್ದು. ದೋಣಿಯ ಮುಂತುದಿಯ ಅಣಿಯದಲ್ಲಿ ಬಿಳಿ ಬಟ್ಟೆಯ ದೋನ್ಯಾ ತೋಮಾಸಾ ನೆಟ್ಟಗೆ ಕೂತಿದ್ದಳು, ಹಿಂದೆ ಲಿಬೋರಿಯೊ. ವೆನಾನ್ಸಿಯೊ ಡ್ರಮ್ಮಿನ ಮೇಲೆ ಕೂತುಬಿಟ್ಟ.

"ಎಲ್ಲೋ ವೆನಾನ್ಸಿಯೊ? ಬಾ ಇಲ್ಲಿ, ನಿನ್ನ ಕೈಗೆ ಮುತ್ತು ಕೊಡ್ಬೇಕು!" ದೋನ್ಯಾ ತೋಮಾಸಾ ಗಟ್ಟೆ ಹತ್ತುವ ಮೊದಲೇ ಕೂಗಿದಳು. ಹೊಸ ಹಲ್ಲು ಒಂದಕ್ಕೊಂದು ತಾಗಿ ಟಕ್ ಟಕ್ ಅನ್ನುತ್ತಿತ್ತು. "ಮೂಸಿ ನೋಡ್ರೋ ನನ್ನ ಬಟ್ಟೆ. ಹೋಗೋವಾಗ ಮೂಗಿಗೆ ಬಟ್ಟೆ ಹಿಡ್ದು ಹಿಂದಕ್ಕೆ ತಿರುಗ್ದೇ ಕೂತಿದ್ದೆ, ಅಳಿವೆ ದಾಟೋತನಕ ಒಂಚೂರು ಇತ್ತು. ಆಮೇಲೆ ಹೊಗೆ ಅನ್ನೋದು ಔಷಧಿಗೆ ಬೇಕಂದ್ರೂ ಇಲ್ಲ! ಕೊನೆಗೂ ಕಲಿತ್ಯಲ್ಲೋ ಮಗನೆ!"

ಗಟ್ಟೆಯ ಮೇಲಿದ್ದವರೆಲ್ಲ ಅವನ ಕಡೆ ತಿರುಗಿದರು. "ವರ್ಷ ಹಿಡೀತು ನೋಡು ಅಳತೆ ಸಿಗೋಕೆ," ಎಂದ ಒಬ್ಬ. "ಏನ್ ಮಾಡ್ದೆ ಹೇಳೋ, ಗುಟ್ಟು ಬಿಡು," ಎಂದು ಇನ್ನೊಬ್ಬ ಬೆನ್ನಿಗೆ ಗುದ್ದಿದ.

"ನಾನೇನೂ ಮಾಡ್ಲಿಲ್ಲ," ಎಂದ ವೆನಾನ್ಸಿಯೊ.

ಒಳಗೆ ತೆಂಗಿನಕಾಯಿ ತುರಿಯುವ ಸದ್ದು ನಿಂತಿತು. ಅಡುಗೆಮನೆಯ ಬಾಗಿಲಿಗೆ ಎಮೆರಿಟಾ ಬಂದಳು, ಕೈಯೆಲ್ಲ ಬಿಳಿ ತುರಿ. ಅವಳು ದೋಣಿಯ ಹಿಂದಿನ ನೀರನ್ನು ನೋಡಿದಳು, ಹೊಗೆಯಿಲ್ಲದ ಗಾಳಿಯನ್ನು ನೋಡಿದಳು, ಆಮೇಲೆ ಗಂಡನನ್ನು ನೋಡುತ್ತ ಶೆಡ್ಡಿನ ಬಾಗಿಲಿಗೆ ಬಂದು ನಿಂತಳು. ಲಿಬೋರಿಯೊ ಖಾಲಿ ಕ್ಯಾನನ್ನು ತಂದು ಅವನ ಕಾಲ ಬಳಿ ಇಟ್ಟ, ಕೆಂಪು ಬಟ್ಟೆ ಇನ್ನೂ ಹಿಡಿಕೆಯಲ್ಲೇ ಇತ್ತು. ಮುಖದಲ್ಲಿ ತಮಾಷೆ ಇರಲಿಲ್ಲ. ಅಂಗಿಯೊಳಗೆ ಕೈ ಹಾಕಿ ಅವನು ಹೊರತೆಗೆದದ್ದು ಒಂದು ಕಂದು ಸೀಸೆ. ಎಲೆ ಇಲ್ಲ, ನಾರಿಲ್ಲ, ಬರೀ ಸೀಸೆ, ಕಂಠದಲ್ಲಿ ಎಣ್ಣೆಯ ಜಿಡ್ಡು ಇಳಿದ ಗೆರೆ. ವೆನಾನ್ಸಿಯೊನ ತಲೆಯ ಮೇಲಿಂದ ಕೈ ಚಾಚಿ ಅದನ್ನು ಎಮೆರಿಟಾಳಿಗೆ ಕೊಟ್ಟ.

"ತಗೊಳ್ಳಿ ಕೊಮಾದ್ರೆ. ಇವತ್ತು ಕೆಲ್ಸಕ್ಕೆ ಬಂತು."

ಸೀಸೆ ನೋಡಿ ಅವನಿಗೆ ಮೊದಲು ಬಂದ ಯೋಚನೆ, ಹಾಗಾದರೆ ಚಿಪ್ಪಿನ ಮಾಂಸ ಅಲ್ಲ, ಎಂಬುದು. ಎಂಥ ನಾಚಿಕೆಗೇಡು! ಎರಡನೆಯದು ಮೆಲ್ಲಗೆ ಬಂತು. ಕಾಂಡ್ಲದ ತಿರುವಿನಲ್ಲಿ ನಿಲ್ಲುತ್ತಿದ್ದ ಮೋಟಾರು. ಎಷ್ಟು ಲೆಕ್ಕ ಹಾಕಿದರೂ ಬೇಗ ಇಳಿಯುತ್ತಿದ್ದ ಎಣ್ಣೆ ಡ್ರಮ್ಮು, ಅದು ಸೋರುತ್ತಿದೆ ಎಂದು ಅವನು ತಳಕ್ಕೆ ಟಾರು ಬಳಿದಿದ್ದ. ಅವನದೊಂದು ಅಳತೆ, ಅವಳದೊಂದು ಅಳತೆ, ಎರಡೂ ಸೇರಿ ಒಂದು ವರ್ಷದ ನೀಲಿ ಹೊಗೆ. ಒಂದು ಕ್ಯಾನಿಗೆ ಒಂದು ಹಾಲಿನ ಡಬ್ಬಿ. ಶೆಡ್ಡಿಗೆ ಬಂದ ಹೊಸದರಲ್ಲಿ ಅವಳನ್ನು ಪಕ್ಕ ಕೂರಿಸಿಕೊಂಡು, ಬೆರಳ ಮೇಲೆ ಬೆರಳಿಟ್ಟು ಕಲಿಸಿದವನು ಅವನೇ. ಇವತ್ತು ಟ್ಯಾಂಕಿನಲ್ಲಿದ್ದದ್ದು ಅವಳದೊಂದೇ ಅಳತೆ. ಅದಕ್ಕೇ ಹೊಗೆಯಿಲ್ಲ. ಅದಕ್ಕೇ ಅವಳಿಗೆ ಗೊತ್ತಾಯಿತು, ಇವನಿಗೂ ಗೊತ್ತಾಯಿತು, ಊರು ಮಾತ್ರ ಬೆನ್ನು ತಟ್ಟುತ್ತಿತ್ತು.

"ಗೊತ್ತಿದ್ದೂ ನನ್ನ ಹತ್ರಾನೇ ಕ್ಯಾನು ತಂದ್ಯಲ್ಲ," ಎಂದ ಅವನು, ಲಿಬೋರಿಯೊಗೆ ಮಾತ್ರ ಕೇಳುವ ಹಾಗೆ.

"ಬೆರ್ಸೋನು ನೀನೊಬ್ನೇ ಅಲ್ವಾ? ನಾನೇ ಹಾಕ್ಕೋತೀನಿ ಅಂದ್ರೆ ಊರು ಕೇಳುತ್ತೆ ಯಾಕೆ ಅಂತ. ಏನಂತ ಹೇಳ್ಲಿ?" ಎಂದ ಲಿಬೋರಿಯೊ. "ನೀನು ಹಾಕ್ತಾನೇ ಇದ್ದೆ ಕೊಂಪಾದ್ರೆ, ಪಾಪ. ಹೊಗೆ ನೋಡಿದಾಗೆಲ್ಲ ನಂಗೆ ಸಮಾಧಾನ ಆಗ್ತಿತ್ತು." ಕೆನ್ನೆ ಉಜ್ಜಿಕೊಂಡ. ಐಸಿನ ಪೆಟ್ಟಿಗೆ ಹೊತ್ತುಕೊಂಡು ಮನೆಯ ಕಡೆ ನಡೆದ.

ಎಮೆರಿಟಾ ಶೆಡ್ಡಿನೊಳಗೆ ಬಂದಳು. ಬೈಯಲಿ ಎಂದು ಕಾದ. "ಹೊಗೆ ಬಂದ್ರೆ ಬರ್ಲಿ, ಮನುಷ್ಯ ವಾಪಸ್ ಬರ್ಲಿ ಅಂತ ಕೊಡ್ತಿದ್ದೆ," ಎಂದಳು, ಸೀಸೆಯನ್ನು ಕೈಯಲ್ಲಿ ತಿರುಗಿಸುತ್ತ. "ದಿನಾ ಬೇಡ್ಕೋತಿದ್ದೆ, ನಂದು ದಂಡವಾಗ್ಲಿ ಅಂತ. ಹುಚ್ಚಿ ನಾನು, ನನ್ನ ಗಂಡ ಅಂಥವನಲ್ಲ ಅಂತ ಆಗ್ಲಿ ಅಂತ." ಸೀಸೆಯನ್ನು ಅವನ ಮುಂದೆ ನೆಲಕ್ಕಿಟ್ಟಳು. "ತೋಮಾಸಮ್ಮ ಇದ್ರು ದೋಣೀಲಿ. ನಿನ್ನನ್ನ ಹುಟ್ಟಿಸ್ದೋರು."

ಅವನಿಗೆ ಅವಳ ಕಾಲು ಹಿಡಿಯಬೇಕು ಅನ್ನಿಸಿತು. ಹಿಡಿಯಲಿಲ್ಲ. ಯಾಕೆಂದರೆ ಅದೇ ಗಳಿಗೆಯಲ್ಲಿ, ಇಷ್ಟಾದ ಮೇಲೂ, ಒಳಗೆ ಅದು ತಲೆಯೆತ್ತಿತ್ತು: ಒಂದು ವರ್ಷ ಇಬ್ಬರೂ ಸೇರಿ ಅವನನ್ನು ಅಳೆದಿದ್ದರು. ಅವನಿಗೆ ತಿಳಿಯದ ಹಾಗೆ, ಅವನ ಬಗ್ಗೆಯೇ, ಗುಸುಗುಸು ಮಾತಾಡಿ ಒಪ್ಪಂದ ಮಾಡಿಕೊಂಡಿದ್ದರು. ಹಾಸಿಗೆಗಿಂತ ಹತ್ತಿರದ್ದಲ್ಲವೇ ಅದು? ಮೊದಲು ಯಾವತ್ತು ಹೇಳಿದಳು ಲಿಬೋರಿಯೊಗೆ, ಎಲ್ಲಿ ನಿಂತು, ಯಾವ ಮಾತಿನಲ್ಲಿ? ಕೇಳಿಬಿಡಬೇಕು ಅನ್ನಿಸಿ ನಾಲಿಗೆಯ ತುದಿಗೆ ಬಂದದ್ದನ್ನು ಅವನು ನುಂಗಿಕೊಂಡ. ಛೀ, ಎಂದು ತನಗೆ ತಾನೇ ಅಂದುಕೊಂಡ.

"ನನ್ನ ಮನೆಗೆ ಬಿಡೋರು ಯಾರ್ರಪ್ಪಾ?" ಹೊರಗಿನಿಂದ ದೋನ್ಯಾ ತೋಮಾಸಾ ಕೂಗಿದಳು. "ನೀರು ಇಳಿಯೋದ್ರೊಳಗೆ ಹೋಗ್ಬೇಕು."

"ಇವನೇ ಬಿಡ್ತಾನೆ," ಎಂದಳು ಎಮೆರಿಟಾ. ಲಿಬೋರಿಯೊನ ಖಾಲಿ ಕ್ಯಾನನ್ನೇ ಎತ್ತಿ ಪೆಟ್ರೋಲು ತುಂಬಿದಳು. ಅವನು ಬೇಕೆಂದೇ ಬೆನ್ನು ತಿರುಗಿಸಿ ನಿಂತ. ಹಿಂದೆ ಮೊಳೆಯಿಂದ ಡಬ್ಬಿ ತೆಗೆದ ಸದ್ದು, ಇನ್ನೇನೋ ಸದ್ದು, ಕ್ಯಾನು ತೂಗುವ ಗುಳಗುಳ. ಏನೂ ಇಲ್ಲದ್ದನ್ನೂ ಹಾಗೇ ತೂಗಬಹುದು ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ತಿರುಗಿದಾಗ ಅವಳು ಬಟ್ಟೆಯ ಗಂಟನ್ನು ಹಲ್ಲಿನಿಂದ ಬಿಗಿಯುತ್ತಿದ್ದಳು. ಕ್ಯಾನನ್ನು ಅವನ ಕೈಗಿಟ್ಟಳು.

ಅಜ್ಜಿಯನ್ನು ತನ್ನ ಸಣ್ಣ ದೋಣಿಯಲ್ಲಿ ಕೂರಿಸಿ, ಖಾಲಿಯಾಗಿದ್ದ ಟ್ಯಾಂಕಿಗೆ ಸುರಿದು, ಅವನು ಮೋಟಾರಿನ ಹಗ್ಗ ಹಿಡಿದ. ಎಳೆಯಲಿಲ್ಲ. ಅವಳು ಎಣ್ಣೆ ಹಾಕಿರುತ್ತಾಳೆ. ಹಾಕಿಯೇ ಇರುತ್ತಾಳೆ, ಅವಳು ಅವನಂಥವಳಲ್ಲ, ಇದು ಅವನಿಗೆ ತನ್ನ ಹೆಸರಿನಷ್ಟು ಚೆನ್ನಾಗಿ ಗೊತ್ತಿತ್ತು. ಗಟ್ಟೆಯ ಮೇಲೆ ಜನ ಇನ್ನೂ ಇದ್ದರು, ಶೆಡ್ಡಿನ ಬಾಗಿಲಲ್ಲಿ ಎಮೆರಿಟಾ ನಿಂತಿದ್ದಳು. ಬೇಡ, ಬೇಡ ಎಂದುಕೊಳ್ಳುತ್ತಲೇ ಅವನ ಬೆರಳು ಟ್ಯಾಂಕಿನ ಬಾಯೊಳಗೆ ಇಳಿಯಿತು.

"ಅಯ್ಯೋ ಪಾಪಿ," ಎಂದಳು ದೋನ್ಯಾ ತೋಮಾಸಾ, ಹೊಸ ಹಲ್ಲಿನ ಟಕ್ ಟಕ್ ನಿಂತುಹೋಗಿ. "ಹೆಂಡ್ತಿ ಕಟ್ಟಿದ ಬಟ್ಟೆಗೇ ಬೆರಳು ಹಾಕ್ತೀಯಲ್ಲೋ!"

ಗಟ್ಟೆಯ ಮೇಲಿದ್ದವರು ತಿರುಗಿ ನೋಡಿದರು. ಅವನು ಹೆಬ್ಬೆರಳಿಗೆ ತೋರುಬೆರಳು ಉಜ್ಜಿದ. ಜಿಡ್ಡಿತ್ತು. ಅಳತೆಗೆ ಸರಿಯಾಗಿತ್ತು. ತಲೆಯೆತ್ತಿ ನೋಡಿದಾಗ ಶೆಡ್ಡಿನ ಬಾಗಿಲಲ್ಲಿ ಅವಳು ಇರಲಿಲ್ಲ.